'ಡೀಮ್ಡ್' ಎಂಬುದಕ್ಕೆ ಎಲ್ಲಾ ಕಡೆ 'ಪರಿಗಣಿಸು' ಹಾಕಿದರೆ ಸಾಕೇ?

ಕುಂಬಳೆ_ಅಕ್ಷರ

ಸಹಕಾರಿ ಸಂಘದ ಸಾಲಪತ್ರವೊಂದನ್ನೂ ಅದಕ್ಕೆ ಸಂಬಂಧಪಟ್ಟ ದಾವೆಯ ಕಾಗದಗಳನ್ನೂ ಕನ್ನಡಕ್ಕೆ ಮಾಡಬೇಕಾಗಿದೆ. ಓದುವವರು ಕನ್ನಡ ಮಾಧ್ಯಮದಲ್ಲಿ ಕಲಿತ ಹಿರಿಯರು, ಇಂಗ್ಲಿಷೂ ಮಲಯಾಳವೂ ಓದಲು ಬಾರದು. ಮೂರು ಕಡೆ ಇಂಗ್ಲಿಷಿನ 'ಡೀಮ್' ಎಂಬ ಒಂದೇ ಕ್ರಿಯಾಪದ ಬಂದಿದೆ:

1) "ಎನಿ ನೋಟೀಸ್ ಸೆಂಟ್ ಬೈ ರಿಜಿಸ್ಟರ್ಡ್ ಪೋಸ್ಟ್ ಶಲ್ ಬಿ ಡೀಮ್ಡ್ ಟು ಹ್ಯಾವ್ ಬೀನ್ ಡ್ಯೂಲಿ ಸರ್ವ್ಡ್."

2) "ದಿ ಸೆಕ್ರೆಟರಿ ಮೇ, ಇಫ್ ಹೀ ಡೀಮ್ಸ್ ಇಟ್ ನೆಸೆಸರಿ, ಕಾಲ್ ಫಾರ್ ಅಡಿಷನಲ್ ಸೆಕ್ಯೂರಿಟಿ."

3) "ಸಚ್ ಅದರ್ ರಿಲೀಫ್ ಆ್ಯಸ್ ದಿಸ್ ಆನರಬಲ್ ಕೋರ್ಟ್ ಮೇ ಡೀಮ್ ಫಿಟ್ ಆ್ಯಂಡ್ ಪ್ರಾಪರ್."

ನಿಘಂಟು ತೆರೆದರೆ 'ಭಾವಿಸು, ಎಣಿಸು, ಪರಿಗಣಿಸು' ಅಂತ ಸಾಲಾಗಿ ಕೊಟ್ಟುಬಿಡುತ್ತದೆ. ಮೂರು ವಾಕ್ಯಕ್ಕೂ 'ಪರಿಗಣಿಸು' ಎಂದೇ ಹಾಕಿದರೆ ಆದೀತೇ? ಮೊದಲನೆಯದರಲ್ಲಿ ಏನೋ ಬೇರೆ ವಿಷಯ ಉಂಟು ಅನಿಸುತ್ತದೆ. ಇನ್ನೊಂದು, 'ಡೀಮ್ಡ್ ಆ್ಯಸ್' ಎಂದು ಬರೆಯುವುದು ಸರಿಯೇ? ಮಲಯಾಳ ಪತ್ರಿಕೆಗಳಲ್ಲಿ ಡೀಮ್ಡ್ ಯೂನಿವರ್ಸಿಟಿಗೆ, ಎಂದರೆ ತನ್ನದೇ ಕಾಯಿದೆಯಿಂದ ಹುಟ್ಟದೆ ವಿಶ್ವವಿದ್ಯಾಲಯದ ದರ್ಜೆ ಪಡೆದ ಸಂಸ್ಥೆಗೆ, 'ಕಲ್ಪಿತ ಸರ್ವಕಲಾಶಾಲ' ಎಂದು ಬರೆಯುತ್ತಾರೆ. ಆ 'ಕಲ್ಪಿತ'ವನ್ನು ಕನ್ನಡಕ್ಕೂ ತಂದುಕೊಳ್ಳಬಹುದೇ?

ನೀರ್ಚಾಲು_ಮಾಷ್ಟ್ರು

ನಿಮ್ಮ ಸಂಶಯ ಸರಿಯಾದ ಜಾಗದಲ್ಲೇ ಉಂಟು. 2 ಮತ್ತು 3 ಒಂದು ಜಾತಿ, 1 ಬೇರೆ ಜಾತಿ.

2 ಮತ್ತು 3ರಲ್ಲಿ ಯಾರೋ ಒಬ್ಬರು ಕೂತು ಯೋಚಿಸಿ ಒಂದು ತೀರ್ಮಾನಕ್ಕೆ ಬರುತ್ತಾರೆ. ಕಾರ್ಯದರ್ಶಿಗೆ ಅಗತ್ಯವೆಂದು ಕಾಣಬೇಕು, ನ್ಯಾಯಾಲಯಕ್ಕೆ ಯುಕ್ತವೆಂದು ತೋರಬೇಕು. ಇಲ್ಲಿ 'ಡೀಮ್' ತೆಗೆದು 'ಥಿಂಕ್' ಹಾಕಿದರೂ ಅರ್ಥ ಕೆಡುವುದಿಲ್ಲ, ಗಾಂಭೀರ್ಯ ಮಾತ್ರ ಇಳಿಯುತ್ತದೆ. ಮೊದಲನೆಯ ವಾಕ್ಯದಲ್ಲಿ 'ಥಿಂಕ್' ಹಾಕಿ ನೋಡಿ, ನಿಲ್ಲುವುದೇ ಇಲ್ಲ. ಅಲ್ಲಿ ಯಾರೂ ಯೋಚಿಸುತ್ತಿಲ್ಲ. ನೋಟೀಸು ನಿಜವಾಗಿ ಕೈಸೇರಲಿ ಸೇರದಿರಲಿ, ಸೇರಿತೆಂದೇ ಲೆಕ್ಕ ಹಿಡಿಯಬೇಕು ಎಂಬ ಒಪ್ಪಂದ ಅದು.

ಆದ್ದರಿಂದ 2ಕ್ಕೆ "ಕಾರ್ಯದರ್ಶಿಯವರಿಗೆ ಅಗತ್ಯವೆಂದು ಕಂಡರೆ ಹೆಚ್ಚುವರಿ ಭದ್ರತೆಯನ್ನು ಕೇಳಬಹುದು". 3ಕ್ಕೆ "ಮಾನ್ಯ ನ್ಯಾಯಾಲಯಕ್ಕೆ ಯುಕ್ತವೆಂದು ತೋರುವ ಇತರ ಪರಿಹಾರ". 'ಕಂಡರೆ', 'ತೋರುವ' ಎಂಬ ನಮ್ಮ ಚತುರ್ಥೀ ವಿಭಕ್ತಿಯ ಜೋಡಣೆ ಇದ್ದರೆ 'ಪರಿಗಣಿಸಿದಲ್ಲಿ' ಎಂಬ ಭಾರವೇ ಬೇಡ.

ಇನ್ನು ವ್ಯಾಕರಣ. 'ಡೀಮ್' ಆದ ಮೇಲೆ ಕರ್ಮ, ಅದಾದ ಮೇಲೆ ನೇರವಾಗಿ ವಿಶೇಷಣ ಅಥವಾ ನಾಮಪದ: 'ಡೀಮ್ಡ್ ಹಿಮ್ ಫಿಟ್', 'ಡೀಮ್ಡ್ ಇಟ್ ಆ್ಯನ್ ಇನ್ಸಲ್ಟ್'. ನಡುವೆ 'ಟು ಬಿ' ಬರಬಹುದು, ಬಾರದಿರಬಹುದು. 'ಆ್ಯಸ್' ಬೇಡ. 'ರಿಗಾರ್ಡ್'ಗೆ 'ಆ್ಯಸ್' ಬೇಕೇ ಬೇಕು, 'ಕನ್ಸಿಡರ್'ಗೆ ಇದ್ದರೂ ನಡೆಯುತ್ತದೆ ಇಲ್ಲದಿದ್ದರೂ ನಡೆಯುತ್ತದೆ. ಈ ಮೂರೂ ಒಟ್ಟಿಗೆ ಕಲಸಿ ಹೋಗಿ 'ಡೀಮ್ಡ್ ಆ್ಯಸ್' ಹುಟ್ಟಿಕೊಂಡಿದೆ. ಪತ್ರಿಕೆಗಳಲ್ಲಿ ಧಾರಾಳ ಕಾಣುತ್ತದೆ, ಆದರೆ 'ತಪ್ಪು ತಿದ್ದಿರಿ' ಎಂಬ ಪ್ರಶ್ನೆಯಲ್ಲಿ ಅದು ತಪ್ಪೇ. 'ಈಸ್ ಡೀಮಿಂಗ್' ಎಂದು ನಡೆಯುತ್ತಿರುವ ಕ್ರಿಯೆಯಾಗಿಯೂ ಹೇಳುವುದಿಲ್ಲ.

ಕರ್ತೃ ಯಾರೆಂಬುದನ್ನೂ ಗಮನಿಸಿ. ನ್ಯಾಯಾಲಯ, ಸಮಿತಿ, ಅಧಿಕಾರಿ, ವೈದ್ಯರು, ಹೀಗೆ ತೀರ್ಮಾನಿಸುವ ಅಧಿಕಾರ ಇರುವವರಿಗೆ ಈ ಕ್ರಿಯಾಪದ ಒಪ್ಪುತ್ತದೆ. 'ಐ ಡೀಮ್ ಯು ಮೈ ಫ್ರೆಂಡ್' ಎಂದು ಮೆಸೇಜು ಹಾಕಿದರೆ ಯಕ್ಷಗಾನದ ರಾಜ ಒಡ್ಡೋಲಗದಿಂದ ನೇರ ಚಾದಂಗಡಿಗೆ ಬಂದ ಹಾಗೆ ಇರುತ್ತದೆ.

ಉಚ್ಚಾರದಲ್ಲಿ ಈಕಾರ ದೀರ್ಘ. 'ಡಿಮ್' ಎಂದರೆ ಮಂದ ಬೆಳಕು. ಭೂತಕಾಲ 'ಡೀಮ್ಡ್', ಒಂದೇ ಉಸಿರು, 'ಡೀಮೆಡ್' ಅಲ್ಲ. ಪದದ ಮೂಲ ಹಳೆಯ ಇಂಗ್ಲಿಷಿನ 'ತೀರ್ಪು ಕೊಡು' ಎಂಬ ಕ್ರಿಯಾಪದ. 'ಡೂಮ್' ಅದರ ಒಡಹುಟ್ಟು, ಮೊದಲು ಅದಕ್ಕೂ ತೀರ್ಪು ಎಂದೇ ಅರ್ಥ ಇತ್ತು. ಐಲ್ ಆಫ್ ಮ್ಯಾನ್ ದ್ವೀಪದಲ್ಲಿ ನ್ಯಾಯಾಧೀಶರಿಗೆ ಇವತ್ತಿಗೂ 'ಡೀಮ್‌ಸ್ಟರ್' ಎನ್ನುತ್ತಾರೆ. ಚಿನ್ನದ ಸಾಲ ತೀರಿಸುವಾಗ ಬರುವ 'ರಿಡೀಮ್' ಮಾತ್ರ ಇದರ ಸಂಬಂಧಿಕ ಅಲ್ಲ, ಅದು ಲ್ಯಾಟಿನ್ನಿನಿಂದ 'ಮರಳಿ ಕೊಳ್ಳು' ಎಂಬರ್ಥದಲ್ಲಿ ಬಂದದ್ದು.

ಹೊಸಂಗಡಿ_ವಕಾಲತ್ತು

ಮಾಷ್ಟ್ರು ವ್ಯಾಕರಣ ಹೇಳಿದ್ದಾರೆ. ಮೊದಲನೇ ವಾಕ್ಯದ ಕಾನೂನಿನ ಮಗ್ಗುಲು ನಾನು ಹೇಳುತ್ತೇನೆ, ಏಕೆಂದರೆ ಅನುವಾದ ಕೆಡುವುದು ಅಲ್ಲಿಯೇ.

ಇಂಥ ಎಲ್ಲಾ ಷರತ್ತುಗಳಿಗೆ ಮಾದರಿ 1897ರ ಜನರಲ್ ಕ್ಲಾಸಸ್ ಆ್ಯಕ್ಟಿನ 27ನೇ ಕಲಂ. ಕಾಯಿದೆಯೊಂದು ದಾಖಲೆಯನ್ನು ಅಂಚೆಯಲ್ಲಿ ಜಾರಿ ಮಾಡಬಹುದು ಎಂದರೆ, ವಿಳಾಸ ಸರಿಯಾಗಿ ಬರೆದು, ಅಂಚೆ ವೆಚ್ಚ ಮೊದಲೇ ತೆತ್ತು, ರಿಜಿಸ್ಟರ್ಡ್ ಪೋಸ್ಟಿನಲ್ಲಿ ಹಾಕಿದರೆ ಜಾರಿ ಆಯಿತೆಂದೇ ಲೆಕ್ಕ. ಯಾವಾಗ ಆಯಿತು? ಸಾಮಾನ್ಯವಾಗಿ ಆ ಕಾಗದ ಬಟವಾಡೆ ಆಗಬೇಕಾಗಿದ್ದ ಹೊತ್ತಿಗೆ. ಇದಕ್ಕೆ ಒಂದು ಬಾಲ ಉಂಟು: ವ್ಯತಿರಿಕ್ತವಾದದ್ದು ರುಜುವಾತು ಆಗದಿದ್ದರೆ. ಎಂದರೆ ಈ 'ಡೀಮ್ಡ್' ಕಲ್ಲಿನಲ್ಲಿ ಕೊರೆದದ್ದಲ್ಲ. ಕಾಗದ ಕೈಸೇರಲಿಲ್ಲ ಎನ್ನುವವನು ತೋರಿಸಿಕೊಡಬಹುದು, ತೋರಿಸುವ ಹೊಣೆ ಮಾತ್ರ ಅವನ ಮೇಲೆ.

ಲಕೋಟೆ ಹಿಂದೆ ಬಂದರೆ ಅಂಚೆಯವರ ಷರಾ ಓದಬೇಕು. 'ರೆಫ್ಯೂಸ್ಡ್' ಅಥವಾ 'ಅನ್‌ಕ್ಲೇಮ್ಡ್' ಎಂದಿದ್ದರೆ ವಿಳಾಸ ಸರಿ ಇತ್ತು, ತೆಗೆದುಕೊಳ್ಳಲಿಲ್ಲ ಎಂದು ಹೇಳಲು ಆಧಾರ ಸಿಗುತ್ತದೆ. 'ನೋ ಸಚ್ ಪರ್ಸನ್' ಎಂದಿದ್ದರೆ 'ವಿಳಾಸ ಸರಿಯಾಗಿ ಬರೆದು' ಎಂಬ ಮೊದಲ ಮೆಟ್ಟಿಲೇ ಅಲುಗಾಡುತ್ತದೆ. ನಮ್ಮ ಕಡೆ ಒಂದೇ ಮನೆತನದ ಹೆಸರಿನ ನಾಲ್ಕು ಮನೆ ಇರುತ್ತವೆ, ಅಂಚೆ ಕಚೇರಿಯ ಹೆಸರು ಗ್ರಾಮದ ಹೆಸರಿಗಿಂತ ಬೇರೆ ಇರುತ್ತದೆ. ಅಂಚೆಯ ಹೆಸರು ತಪ್ಪಿ, ವಾರ್ಡು ಬಿಟ್ಟು ಕಳಿಸಿದ ನೋಟೀಸಿಗೆ 'ಡೀಮ್ಡ್' ರಕ್ಷಣೆ ಸಿಗುವುದು ಕಷ್ಟ.

ಚೆಕ್ ಬೌನ್ಸ್ ಪ್ರಕರಣಗಳಲ್ಲಿ ಇದು ದಿನಾ ಬರುವ ವಿಷಯ. ಚೆಕ್ ಮರಳಿತೆಂದು ಬ್ಯಾಂಕಿನಿಂದ ತಿಳಿದ 30 ದಿನದೊಳಗೆ ನೋಟೀಸು ಕೊಡಬೇಕು, ನೋಟೀಸು ಸಿಕ್ಕಿದವನಿಗೆ ಹಣ ಕೊಡಲು 15 ದಿನ, ಕೊಡದಿದ್ದರೆ ಆ ಮೇಲೆ ಒಂದು ತಿಂಗಳೊಳಗೆ ದೂರು. ನೋಟೀಸು ಸಿಗದ ಹಾಗೆ ತಪ್ಪಿಸಿಕೊಂಡರೆ 15 ದಿನ ಶುರುವೇ ಆಗುವುದಿಲ್ಲವಲ್ಲ ಎಂಬ ಉಪಾಯಕ್ಕೆ 27ನೇ ಕಲಂ ಅಡ್ಡ ನಿಲ್ಲುತ್ತದೆ. 2007ರಲ್ಲಿ ಕೇರಳದಿಂದ ಹೋದ ಮೇಲ್ಮನವಿಯೊಂದರಲ್ಲಿ ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ ಇದನ್ನು ಸ್ಪಷ್ಟ ಮಾಡಿತು. ನೋಟೀಸು ಸಿಗಲೇ ಇಲ್ಲ ಎನ್ನುವವನು ಸಮನ್ಸ್ ಸಿಕ್ಕಿದ 15 ದಿನದೊಳಗೆ ಹಣ ಕಟ್ಟಲಿ, ಅದೂ ಬಿಟ್ಟು 'ಸಿಗಲಿಲ್ಲ' ಎಂದು ಮಾತ್ರ ವಾದಿಸುವುದು ನಡೆಯುವುದಿಲ್ಲ ಎಂಬುದು ಅದರ ಸಾರ.

ನಡೆಯದ್ದನ್ನು ನಡೆದಂತೆ ಹಿಡಿಯುವುದಕ್ಕೆ ಇನ್ನೂ ಗಟ್ಟಿ ಉದಾಹರಣೆ ಬೇಕಾದರೆ ಕೇಂದ್ರ ಸರಕಾರಿ ನೌಕರರ ಶಿಸ್ತು ನಿಯಮ ನೋಡಿ. 48 ಗಂಟೆಗಿಂತ ಹೆಚ್ಚು ಬಂಧನದಲ್ಲಿದ್ದ ನೌಕರ ಬಂಧನವಾದ ದಿನದಿಂದಲೇ 'ಡೀಮ್ಡ್' ಅಮಾನತು. ಆ ದಿನ ಯಾರೂ ಆದೇಶ ಬರೆದಿರುವುದಿಲ್ಲ. ಆದರೂ ಆದೇಶ ಇತ್ತೆಂದೇ ಲೆಕ್ಕ.

ಹಾಗೆಂದು ಈ ಲೆಕ್ಕವನ್ನು ಎಲ್ಲಿಗೆ ಬೇಕಾದರೂ ಎಳೆಯಲಾಗದು. ಯಾವ ಉದ್ದೇಶಕ್ಕಾಗಿ, ಯಾರ ಯಾರ ನಡುವೆ ಈ ಕಲ್ಪನೆ ಎಂದು ಮೊದಲು ಗೊತ್ತುಮಾಡಿಕೊಳ್ಳಬೇಕು, ಆ ಗಡಿಯೊಳಗೆ ಅದಕ್ಕೆ ಪೂರ್ತಿ ಬಲ ಕೊಡಬೇಕು ಎಂದು ಸುಪ್ರೀಂ ಕೋರ್ಟ್ 1953ರಲ್ಲೇ ಹೇಳಿದೆ.

ಒಂದು ಎಚ್ಚರಿಕೆ. ನಿಮ್ಮ ಸಾಲಪತ್ರದಲ್ಲಿ 'ವ್ಯತಿರಿಕ್ತ ರುಜುವಾತಾಗದಿದ್ದರೆ' ಎಂಬ ಬಾಲ ಇಲ್ಲ. ಕಾಯಿದೆಯಲ್ಲಿ ಇದೆ ಎಂದು ನೀವು ಅನುವಾದದಲ್ಲಿ ಸೇರಿಸಬೇಡಿ. ಇಲ್ಲದ್ದನ್ನು ಸೇರಿಸುವುದೂ ಇದ್ದದ್ದನ್ನು ಬಿಡುವುದೂ ಅನುವಾದಕರ ಕೆಲಸ ಅಲ್ಲ.

ಅಕ್ಕಲಕೋಟ_ಓದುಗ

'ಕಲ್ಪಿತ'ದ ಬಗ್ಗೆ ಕೇಳಿದ್ರಿ. ನಮ್ಮ ಕಡಿ ಮರಾಠಿಯೊಳಗ ಡೀಮ್ಡ್ ಯೂನಿವರ್ಸಿಟಿಗೆ 'ಅಭಿಮತ ವಿದ್ಯಾಪೀಠ' ಅಂತಾರ. ಕನ್ನಡದವರು ಅದನ್ನ ಓದಿದ್ರ ಯಾರದೋ ಅಭಿಪ್ರಾಯದ ವಿದ್ಯಾಪೀಠ ಅನ್ಕೋತಾರ. ಅಪಾರ್ಟ್‌ಮೆಂಟ್ ಕಟ್ಟಿದ ಬಿಲ್ಡರ್ ಸೊಸೈಟಿ ಹೆಸರಿಗೆ ಜಾಗ ಬರೆದು ಕೊಡದಿದ್ರ, ಅಧಿಕಾರಿ ಕಡೆಯಿಂದ ಮಾಡಿಸ್ಕೊಳ್ಳೋ 'ಡೀಮ್ಡ್ ಕನ್ವೇಯನ್ಸ್' ಅನ್ನೋದು ಮಹಾರಾಷ್ಟ್ರದಾಗ ಅದ. ಅದಕ್ಕ ಮರಾಠಿಯೊಳಗ 'ಮಾನೀವ ಅಭಿಹಸ್ತಾಂತರಣ'. ಒಂದೇ ಡೀಮ್ಡ್, ಒಂದ್ಕಡಿ 'ಅಭಿಮತ', ಇನ್ನೊಂದ್ಕಡಿ 'ಮಾನೀವ'. ಹಿಂದಿಯೊಳಗ 'ಮಾನಿತ'. ಪಕ್ಕದ ಭಾಷಾದಿಂದ ಎತ್ಕೊಂಡ್ರ ಯಾವುದನ್ನ ಎತ್ಕೋತೀರಿ?

ತಾಳವಾಡಿ_ಗಡಿ

ತಮಿಳಿನದನ್ನೂ ಸೇರಿಸಿಕೊಳ್ಳಿ: 'ನಿಗರ್‌ನಿಲೈ ಪಲ್ಕಲೈಕ್ಕಳಗಂ', ಎಂದರೆ ಸಮಾನ ದರ್ಜೆಯ ವಿಶ್ವವಿದ್ಯಾಲಯ. ನನ್ನ ಮಟ್ಟಿಗೆ ಇವುಗಳಲ್ಲೆಲ್ಲಾ ವಿಷಯಕ್ಕೆ ಹತ್ತಿರ ಇರುವುದು ಇದೇ. ಡೀಮ್ಡ್ ಎಂಬ ಪದವನ್ನು ಅದು ಅನುವಾದಿಸಲು ಹೋಗಿಲ್ಲ, ಆಗುವ ಪರಿಣಾಮವನ್ನು ಹೇಳಿದೆ.

ನೀರ್ಚಾಲು_ಮಾಷ್ಟ್ರು

'ಕಲ್ಪಿತ' ಖಂಡಿತ ಬೇಡ. ಮಲಯಾಳದ 'ಕಲ್ಪಿಕ್ಕುಕ' ಎಂಬುದಕ್ಕೆ ಆಜ್ಞಾಪಿಸು, ವಿಧಿಸು ಎಂಬ ಅರ್ಥ ಇನ್ನೂ ಜೀವಂತ ಉಂಟು, 'ಕಲ್ಪನ' ಎಂದರೆ ಅಲ್ಲಿ ಅರಸನ ಅಪ್ಪಣೆಯೂ ಆಗುತ್ತದೆ. ಕನ್ನಡದಲ್ಲಿ 'ಕಲ್ಪಿತ' ಎಂದರೆ ಊಹೆಯದ್ದು. 'ಕಲ್ಪಿತ ವಿಶ್ವವಿದ್ಯಾಲಯ' ಎಂದು ಬರೆದರೆ ನಕಲಿ ಸಂಸ್ಥೆ ಎಂದು ತಂದೆ ತಾಯಿ ಗಾಬರಿ ಬೀಳುತ್ತಾರೆ. ಕನ್ನಡದಲ್ಲಿ 'ಪರಿಗಣಿತ ವಿಶ್ವವಿದ್ಯಾಲಯ' ನಡೆಯುತ್ತದೆ, ಅಥವಾ 'ಡೀಮ್ಡ್ ವಿಶ್ವವಿದ್ಯಾಲಯ' ಎಂದು ಹಾಗೆಯೇ ಬಿಡಿ. 'ಸ್ವಾಯತ್ತ' ಎಂದು ಕೆಲವರು ಬರೆಯುತ್ತಾರೆ, ಅದು 'ಅಟಾನಮಸ್', ಬೇರೆಯೇ ವ್ಯವಸ್ಥೆ.

ವ್ಯತ್ಯಾಸ ನಮ್ಮ ಸುತ್ತಲೇ ಉಂಟು. ಪೆರಿಯದ ಕೇರಳ ಕೇಂದ್ರೀಯ ವಿಶ್ವವಿದ್ಯಾಲಯ ಹುಟ್ಟಿದ್ದು 2009ರ ಕೇಂದ್ರೀಯ ವಿಶ್ವವಿದ್ಯಾಲಯಗಳ ಕಾಯಿದೆಯಿಂದ, ಅದು ಡೀಮ್ಡ್ ಅಲ್ಲ, ಸ್ವತಃ ವಿಶ್ವವಿದ್ಯಾಲಯ. ಮಣಿಪಾಲದ್ದು 1993ರಲ್ಲಿ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ಕಾಯಿದೆಯ 3ನೇ ಕಲಂ ಪ್ರಕಾರ ಡೀಮ್ಡ್ ಆದದ್ದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಕೂಡ 1958ರಿಂದ ಡೀಮ್ಡ್, ಆದ್ದರಿಂದ ಡೀಮ್ಡ್ ಎಂದರೆ ಕೆಳದರ್ಜೆ ಎಂಬ ಮಾತಿಗೆ ಬುಡವಿಲ್ಲ. 2017ರ ನವೆಂಬರಿನಲ್ಲಿ ಯುಜಿಸಿ ಇಂಥ ಸಂಸ್ಥೆಗಳಿಗೆ ಹೆಸರಿನಲ್ಲಿ 'ಯೂನಿವರ್ಸಿಟಿ' ಬಿಟ್ಟು, ಬೇಕಿದ್ದರೆ ಕಂಸದಲ್ಲಿ 'ಡೀಮ್ಡ್ ಟು ಬಿ ಯೂನಿವರ್ಸಿಟಿ' ಎಂದು ಬರೆಯಲು ಸೂಚಿಸಿತು. 'ಟು ಬಿ' ನೋಡಿ ಇನ್ನು ಮುಂದೆ ಆಗಲಿಕ್ಕಿರುವ ವಿಶ್ವವಿದ್ಯಾಲಯ ಎಂದು ತಿಳಿಯುವವರಿದ್ದಾರೆ. ಹಾಗಲ್ಲ, ಅದು ಬರೀ 'ಆಗಿದೆ ಎಂದು' ಎಂಬ ಕೊಂಡಿ.

ಮೊಗ್ರಾಲ್_ಲೆಕ್ಕಪತ್ರ

ವಕೀಲರು ಉದ್ದೇಶದ ಗಡಿ ಎಂದರಲ್ಲ, ಗಲ್ಫಿನವರ ಮನೆಗಳಲ್ಲಿ ಕೇಳಿಬರುವ 'ಡೀಮ್ಡ್ ರೆಸಿಡೆಂಟ್' ಅದಕ್ಕೆ ಒಳ್ಳೇ ಉದಾಹರಣೆ. 2020ರ ಹಣಕಾಸು ಕಾಯಿದೆ ತಂದದ್ದು. ಭಾರತೀಯ ಪೌರ, ವಿದೇಶಿ ಮೂಲದ್ದು ಬಿಟ್ಟು ಉಳಿದ ಆದಾಯ ವರ್ಷಕ್ಕೆ 15 ಲಕ್ಷ ರೂಪಾಯಿ ಮೀರಿದೆ, ವಾಸ ಅಥವಾ ನೆಲೆಯ ಕಾರಣಕ್ಕೆ ಬೇರೆ ಯಾವ ದೇಶದಲ್ಲೂ ತೆರಿಗೆಗೆ ಒಳಪಟ್ಟಿಲ್ಲ. ಇಷ್ಟು ಕೂಡಿದರೆ ಆತ ವರ್ಷದಲ್ಲಿ ಒಂದು ದಿನವೂ ಊರಿಗೆ ಬಾರದಿದ್ದರೂ ಭಾರತದ ನಿವಾಸಿ ಎಂದೇ ಲೆಕ್ಕ.

ಇದನ್ನು 'ನಿವಾಸಿ' ಎಂದು ಮಾತ್ರ ಅನುವಾದಿಸಿ ಹಂಚಿದ್ದರಿಂದ ದುಬೈ ಸಂಬಳಕ್ಕೂ ಇಲ್ಲಿ ತೆರಿಗೆ ಎಂಬ ಹೆದರಿಕೆ ಹಬ್ಬಿತು. ನಿಜ ಏನೆಂದರೆ, ಹೀಗೆ ಡೀಮ್ಡ್ ಆದವನಿಗೆ 'ನಾಟ್ ಆರ್ಡಿನರಿಲಿ ರೆಸಿಡೆಂಟ್', ಎಂದರೆ ಸಾಮಾನ್ಯವಾಗಿ ಇಲ್ಲಿ ವಾಸಿಸದ ನಿವಾಸಿ ಎಂಬ ದರ್ಜೆ ಮಾತ್ರ. ಅಲ್ಲಿ ದುಡಿದು ಅಲ್ಲೇ ಪಡೆದ ಸಂಬಳ ಇಲ್ಲಿನ ತೆರಿಗೆಗೆ ಬರುವುದಿಲ್ಲ, ಭಾರತದಿಂದ ನಿಯಂತ್ರಿಸುವ ವ್ಯಾಪಾರದ ಲಾಭ ಬರಬಹುದು. ಊರಿನಲ್ಲಿ ಅಡಕೆ ತೋಟ, ಒಂದು ಬಾಡಿಗೆ ಕೋಣೆ ಇರುವವರು 15 ಲಕ್ಷದ ಹತ್ತಿರವೂ ಸುಳಿಯುವುದಿಲ್ಲ. ಕನ್ನಡದಲ್ಲಿ 'ತೆರಿಗೆಯ ಮಟ್ಟಿಗೆ ನಿವಾಸಿಯೆಂದು ಭಾವಿಸತಕ್ಕದ್ದು' ಎಂದಿದ್ದರೆ, ಆ 'ಮಟ್ಟಿಗೆ' ಒಂದೇ ಅರ್ಧ ಗಾಬರಿ ಕಡಿಮೆ ಮಾಡುತ್ತಿತ್ತು.

ಪಯಸ್ವಿನಿ

ಮಾಹಿತಿ ಹಕ್ಕು ಕಾಯಿದೆಯಲ್ಲಿ ಈ ಪದ ಅರ್ಜಿದಾರನ ಪರವಾಗಿ ಕೆಲಸ ಮಾಡುತ್ತದೆ, ಅದನ್ನೂ ತಿಳಿದಿರಬೇಕು. 30 ದಿನದಲ್ಲಿ ಉತ್ತರ ಬಾರದಿದ್ದರೆ 7(2)ನೇ ಕಲಂ ಪ್ರಕಾರ ಕೋರಿಕೆ 'ಡೀಮ್ಡ್' ನಿರಾಕರಣೆ. ಕೈಯಲ್ಲಿ ನಿರಾಕರಣೆಯ ಕಾಗದ ಇಲ್ಲವಲ್ಲ ಎಂದು ಕಾಯುತ್ತಾ ಕೂತರೆ ನಷ್ಟ, ಮೊದಲ ಮೇಲ್ಮನವಿಯ 30 ದಿನ ಆಗಲೇ ಓಡಲು ಶುರುವಾಗಿರುತ್ತದೆ. ಅರ್ಜಿ ಜೂನ್ 1ಕ್ಕೆ ಕಚೇರಿಗೆ ತಲುಪಿದ್ದರೆ ಜುಲೈ 1ಕ್ಕೆ ಅವಧಿ ಮುಗಿಯಿತು, ಮೇಲ್ಮನವಿ ಜುಲೈ 31ರೊಳಗೆ. ಸಹಾಯಕ ಮಾಹಿತಿ ಅಧಿಕಾರಿಯ ಮೂಲಕ ಕೊಟ್ಟ ಅರ್ಜಿಗೆ 5 ದಿನ ಹೆಚ್ಚು. ಅವಧಿ ಮೀರಿ ಕೊಡುವ ಮಾಹಿತಿಗೆ ಪ್ರತಿಯ ಶುಲ್ಕ ಕೇಳುವ ಹಾಗಿಲ್ಲ.

ಕನ್ನಡದಲ್ಲಿ ಇದನ್ನು 'ಕೋರಿಕೆಯನ್ನು ನಿರಾಕರಣೆಗೆ ಪರಿಗಣಿಸಲಾಗುವುದು' ಎಂದು ಬರೆದರೆ ಕೆಟ್ಟಿತು. 'ಅರ್ಜಿಯನ್ನು ಪರಿಗಣಿಸಲಾಗುವುದು' ಎಂದರೆ ಇನ್ನು ನೋಡುತ್ತೇವೆ ಎಂದರ್ಥ. 'ಅರ್ಜಿ ನಿರಾಕರಿಸಲಾಗಿದೆ ಎಂದು ಪರಿಗಣಿಸತಕ್ಕದ್ದು' ಎಂದರೆ ನೋಡಿ ಮುಗಿಯಿತು ಎಂದರ್ಥ. ಎರಡನ್ನೂ ಬೇರೆ ಮಾಡುವುದು ಆ 'ಎಂದು' ಒಂದೇ. ಡೀಮ್ಡ್ ಬಂದಲ್ಲಿ 'ಎಂದು' ಬಿಟ್ಟಿದ್ದೀರಾ ಅಂತ ಮೊದಲು ನೋಡಿಕೊಳ್ಳಿ.

ಕುಂಬಳೆ_ಅಕ್ಷರ

ಎಲ್ಲರಿಗೂ ಧನ್ಯವಾದ. 2, 3 ಮಾಷ್ಟ್ರು ಹೇಳಿದ ಹಾಗೆಯೇ ಹಾಕುತ್ತೇನೆ. ಮೊದಲನೆಯದು ಹೀಗೆ ಆದೀತೇ: "ರಿಜಿಸ್ಟರ್ಡ್ ಅಂಚೆಯಲ್ಲಿ ಕಳುಹಿಸಿದ ಯಾವುದೇ ನೋಟೀಸು ಕ್ರಮಬದ್ಧವಾಗಿ ಜಾರಿಯಾದಂತೆ." ಚಿಕ್ಕದಾಗಿ ಕೂತಿದೆ ಎಂದು ಕಾಣುತ್ತದೆ.

ಇನ್ನೊಂದು ಸಣ್ಣ ಪ್ರಶ್ನೆ. 'ಅಜಡ್ಜ್', 'ಅಜುಡಿಕೇಟ್' ಕೂಡ ಇದೇ ಸಾಲಿನವೇ?

ನೀರ್ಚಾಲು_ಮಾಷ್ಟ್ರು

ಒಂದೇ ಓಣಿ, ಬೇರೆ ಮನೆ. 'ಅಜುಡಿಕೇಟ್' ಎಂದರೆ ವ್ಯಾಜ್ಯ ಕೇಳಿ ತೀರ್ಮಾನಿಸುವ ಇಡೀ ಕೆಲಸ. 'ಅಜಡ್ಜ್' ಎಂದರೆ ತೀರ್ಮಾನದ ಫಲ ಘೋಷಿಸುವುದು. ಶಾಲಾ ಕಲೋತ್ಸವದಲ್ಲಿ ಯಕ್ಷಗಾನ ತಂಡವೊಂದು 'ವಾಸ್ ಅಜಡ್ಜ್ಡ್ ಫಸ್ಟ್' ಎಂದರೆ ತೀರ್ಪುಗಾರರು ಅದಕ್ಕೆ ಪ್ರಥಮ ಕೊಟ್ಟರು. 'ವಾಸ್ ಡೀಮ್ಡ್ ಫಸ್ಟ್' ಎಂದು ಬರೆದರೆ ನಿಜವಾಗಿ ಪ್ರಥಮ ಬಂದದ್ದು ಬೇರೆಯವರು, ಏನೋ ಕಾರಣಕ್ಕೆ ಇವರನ್ನು ಹಾಗೆ ಲೆಕ್ಕ ಹಿಡಿದರು ಎಂಬ ವಾಸನೆ ಬರುತ್ತದೆ. ಸ್ಮರಣ ಸಂಚಿಕೆಗೆ ಬರೆಯುವವರು ಗಮನಿಸಬೇಕು.

ಹೊಸಂಗಡಿ_ವಕಾಲತ್ತು

'ಜಾರಿಯಾದಂತೆ' ಎಂದು ನಿಲ್ಲಿಸಬೇಡಿ. ವಾಕ್ಯದ ಕೊನೆಯ 'ಅಂತೆ' ನಮ್ಮಲ್ಲಿ ಗಾಳಿಮಾತಿಗೂ ಬರುತ್ತದೆ. 'ನೋಟೀಸು ಜಾರಿಯಾಯಿತಂತೆ' ಎಂದರೆ ಯಾರೋ ಹೇಳಿದ್ದು. ಓದಿ ಹೇಳುವಾಗ 'ಜಾರಿಯಾದಂತೆ' ಅದರ ಹಾಗೆಯೇ ಕೇಳುತ್ತದೆ, ಕೇಳುವ ಹಿರಿಯರಿಗೆ ಹೊಣೆ ತಮ್ಮ ಮೇಲೆ ಬಂತೆಂದು ಗೊತ್ತೇ ಆಗುವುದಿಲ್ಲ.

ಮೂಲದಲ್ಲಿ 'ಟು ಹ್ಯಾವ್ ಬೀನ್ ಸರ್ವ್ಡ್' ಎಂದಿದೆ, ಎಂದರೆ ಜಾರಿ ಆಗಿ ಮುಗಿದಿದೆ ಎಂದು ಹಿಡಿಯಬೇಕು. ಹಾಗಾಗಿ 'ಜಾರಿಯಾಗುವುದೆಂದು' ಎಂಬುದೂ ಸರಿಯಲ್ಲ, 'ಜಾರಿಯಾಗಿದೆಯೆಂದು' ಬೇಕು. ಪೂರ್ತಿ ವಾಕ್ಯ ಹೀಗೆ ಮಾಡಿ:

"ರಿಜಿಸ್ಟರ್ಡ್ ಅಂಚೆಯಲ್ಲಿ ಕಳುಹಿಸಿದ ಯಾವುದೇ ನೋಟೀಸು ಕ್ರಮಬದ್ಧವಾಗಿ ಜಾರಿಯಾಗಿದೆಯೆಂದು ಭಾವಿಸತಕ್ಕದ್ದು."

'ಭಾವಿಸಲಾಗುವುದು' ಬೇಡ, 'ಶಲ್' ಇರುವುದರಿಂದ 'ತಕ್ಕದ್ದು'. ಸಹಿ ಹಾಕಿಸುವ ಮೊದಲು ಬಾಯಿಮಾತಿನಲ್ಲಿ 'ಕಾಗದ ನಿಮ್ಮ ಕೈಗೆ ಬಾರದಿದ್ದರೂ ಬಂತೆಂದೇ ಲೆಕ್ಕ' ಎಂದು ಹೇಳಿಬಿಡಿ. ಮನೆ ಬದಲಾಯಿಸಿದರೆ ಹೊಸ ವಿಳಾಸವನ್ನು ಸಂಘಕ್ಕೆ ಲಿಖಿತವಾಗಿ ಕೊಟ್ಟು, ನಕಲಿನ ಮೇಲೆ ಸೀಲು ಹಾಕಿಸಿಕೊಳ್ಳಲು ಸಹ ತಿಳಿಸಿ.